ಕಬ್ಬಿಣದ ಉಂಗುರ, ಪ್ರತಿಜ್ಞೆ, ಆಮೇಲೆ? ಕೆನಡಾದಲ್ಲಿ ಎಂಜಿನಿಯರಿಂಗ್ ಮುಗಿಸ್ತಿರೋರಿಗೆ

ಕೊನೇಟರ್ಮ್
ಕೊನೇ ಟರ್ಮಿನಲ್ಲಿ ಇರೋರಿಗೆಲ್ಲ ಈಗ ಒಂದೇ ಸುತ್ತೋಲೆ: ಐರನ್ ರಿಂಗ್ (ಎಂಜಿನಿಯರಿಂಗ್ ಮುಗಿಸೋರು ವೃತ್ತಿಯ ಪ್ರತಿಜ್ಞೆ ಮಾಡಿ ತೊಡೋ ಉಂಗುರ) ಸಮಾರಂಭಕ್ಕೆ ಹೆಸರು ಕೊಡಿ, ಕಿರುಬೆರಳಿನ ಅಳತೆ ಕಳಿಸಿ. ಯಾವ ಕೈಗೆ, ಕಬ್ಬಿಣದ್ದೋ ಸ್ಟೇನ್‌ಲೆಸ್ಸೋ, ತೊಟ್ಟ ಮೇಲೆ ಹೆಸರಿನ ಮುಂದೆ ಎಂಜಿನಿಯರ್ ಅಂತ ಹಾಕ್ಕೋಬಹುದಾ ಅಂತ ಕೇಳಿದ್ರೆ ಸೀನಿಯರ್‌ಗಳದ್ದು ಒಬ್ಬೊಬ್ಬರದ್ದು ಒಂದೊಂದು ಮಾತು. ಬಿದ್ದುಹೋದ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದಲೇ ಉಂಗುರ ಮಾಡ್ತಾರೆ ಅನ್ನೋರೂ ಇದ್ದಾರೆ. ಪ್ರತಿಜ್ಞೆಯಿಂದ ಕೆಲಸದಲ್ಲಿ ನಿಜಕ್ಕೂ ಏನಾದ್ರೂ ಬದಲಾಗತ್ತಾ? ಗೊತ್ತಿದ್ದವರು ಬಿಡಿಸಿ ಹೇಳಿ.

ರಿವೆಟ್_ರಾಯ
ಮೊದಲು ಸೇತುವೆ ಕಥೆ ಮುಗಿಸೋಣ. ಸುಳ್ಳು. ಸೇತುವೆ ಬಿದ್ದದ್ದು 1907ರಲ್ಲಿ, ಮೊದಲ ಉಂಗುರ ತೊಡಿಸಿದ್ದು 1925ರಲ್ಲಿ. ಸೇತುವೆ ಉಕ್ಕಿನದು, ಆ ಕಾಲದ ಉಂಗುರ ಬಡಿದು ಮಾಡಿದ ಮೆತು ಕಬ್ಬಿಣದ್ದು. ಲೋಹವೇ ಬೇರೆ. ಟೊರಾಂಟೊದ ಮೊದಮೊದಲ ಉಂಗುರಗಳನ್ನು ಮಾಡಿಕೊಟ್ಟವರು ಕ್ರಿಸ್ಟಿ ಸ್ಟ್ರೀಟ್ ಮಿಲಿಟರಿ ಆಸ್ಪತ್ರೆಯಲ್ಲಿದ್ದ ಮೊದಲ ಮಹಾಯುದ್ಧದ ಸೈನಿಕರು. ಸೇತುವೆ ಕಥೆಗಿಂತ ಇದೇ ಚೆನ್ನಾಗಿದೆ, ಆದ್ರೆ ಯಾರೂ ಹೇಳಲ್ಲ.

ಹುಟ್ಟಿದ್ದು ಹೀಗೆ: ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಗಣಿ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಹಾಲ್ಟೇನ್ 1922ರ ಜನವರಿಯಲ್ಲಿ ಮಾಂಟ್ರಿಯಲ್ ಸಭೆಯೊಂದರಲ್ಲಿ ಮಾತೆತ್ತಿದರು. ಹೊಸಬರನ್ನು ವೃತ್ತಿಗೆ ಕಟ್ಟಿಹಾಕೋ ಒಂದು ಪ್ರತಿಜ್ಞೆ ಬೇಕು ಅಂತ. ಪಠ್ಯ ಬರೆದುಕೊಡಿ ಎಂದು ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್‌ಗೆ ಪತ್ರ ಹೋಯ್ತು, ಅವರು ಬರೆದುಕೊಟ್ಟರು. 1925ರ ಏಪ್ರಿಲ್ 25ರಂದು ಮಾಂಟ್ರಿಯಲ್‌ನಲ್ಲಿ ಮೊದಲ ಸಮಾರಂಭ, ಮೇ 1ಕ್ಕೆ ಟೊರಾಂಟೊದಲ್ಲಿ. ನಡೆಸುವ ಸಂಸ್ಥೆಗೆ ಏಳು ವಾರ್ಡನ್‌ಗಳ ಕಾರ್ಪೊರೇಷನ್ ಅಂತ ಹೆಸರು, ಊರೂರಿನ ಘಟಕಗಳಿಗೆ ಕ್ಯಾಂಪ್ ಅಂತಾರೆ. ಟೊರಾಂಟೊ ಒಂದನೇ ಕ್ಯಾಂಪ್.

ಲಾಳದಕಟ್ಟು
ಯಾವ ಕೈ ಅಂದ್ರೆ ಬರೆಯೋ ಕೈ, ಕಿರುಬೆರಳು. ಎಡಚರಾದ್ರೆ ಎಡಗೈ. ನಕ್ಷೆಯ ಮೇಲೆ ಕೈ ಆಡಿಸಿದಾಗಲೆಲ್ಲ ಉಂಗುರ ಕಾಗದಕ್ಕೆ ತಾಗಬೇಕು ಅನ್ನೋದು ಉದ್ದೇಶ. ಈಗ ತಾಗೋದು ಲ್ಯಾಪ್‌ಟಾಪಿಗೆ. ಹೊಸ ಉಂಗುರದ ಮುಖಗಳು ಚೂಪಾಗಿರ್ತವೆ, ಕೀಬೋರ್ಡಿನ ಬಲಬದಿ ಗೀರು ಬೀಳೋದು ಖಾತ್ರಿ.

ಕಬ್ಬಿಣದಕಡಲೆ
ಅಳತೆ ವಿಷಯ ಹಗುರ ಮಾಡ್ಬೇಡಿ. ಚಿನ್ನದ ಉಂಗುರ ಬಿಗಿಯಾದ್ರೆ ಹಿಗ್ಗಿಸಿ ಕೊಡ್ತಾರೆ, ಸ್ಟೇನ್‌ಲೆಸ್ ಹಾಗೆ ಬಗ್ಗೋದಲ್ಲ. ಸಂಜೆ ಅಳೆಯಿರಿ, ಬೆಳಿಗ್ಗೆ ಚಳಿಯಲ್ಲಿ ಬೆರಳು ಕುಗ್ಗಿರತ್ತೆ. ಬರೆಯೋ ಕೈಯ ಬೆರಳು ಸಾಮಾನ್ಯವಾಗಿ ಇನ್ನೊಂದಕ್ಕಿಂತ ಒಂಚೂರು ದಪ್ಪ, ಅದಕ್ಕೆ ಆ ಕೈಯದ್ದೇ ಅಳತೆ ಕೊಡಿ. ಬುಡ ಅಳೆದ್ರೆ ಸಾಲದು, ಗೆಣ್ಣು ದಾಟಬೇಕು. ಉತ್ತರ ಅಮೆರಿಕದ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಒಳವ್ಯಾಸದಲ್ಲಿ ಸುಮಾರು 0.8 ಮಿ.ಮೀ. ವ್ಯತ್ಯಾಸ. ದಾರ ಸುತ್ತಿ ಸ್ಕೇಲ್ ಇಟ್ಟು ಅಳೆದ್ರೆ ತಪ್ಪಾಗೋದೇ ಅಷ್ಟು, ಅಂದ್ರೆ ಒಂದಿಡೀ ಸೈಜ್ ಹೋಯ್ತು. ಅಳತೆ ಉಂಗುರಗಳ ಗೊಂಚಲಲ್ಲಿ ನೋಡಿ.

ಲೋಹದ ಮಾತು: ಬಹುತೇಕ ಕ್ಯಾಂಪ್‌ಗಳಲ್ಲಿ ಈಗ ಸ್ಟೇನ್‌ಲೆಸ್. ಟೊರಾಂಟೊದಲ್ಲಿ ಕಬ್ಬಿಣದ್ದೇ ಬೇಕು ಅಂದ್ರೂ ಸಿಗತ್ತೆ. ಕಬ್ಬಿಣ ಬೆವರಿಗೆ ತುಕ್ಕು ಹಿಡಿಯತ್ತೆ, ಬೆರಳ ಸುತ್ತ ಕಪ್ಪು ಬಳೆ ಬೀಳತ್ತೆ. ನುಣುಪು ಸ್ಟೀಲ್ ವೂಲ್‌ನಲ್ಲಿ ಉಜ್ಜಿ ಒಂದು ಹನಿ ಎಣ್ಣೆ ಸವರಿದ್ರೆ ಕೆಲವು ದಿನ ತಡೆಯತ್ತೆ, ಅಷ್ಟೇ. ದಿನಾ ಈಜೋರು ಸುಮ್ಮನೆ ಸ್ಟೇನ್‌ಲೆಸ್ ತಗೊಳ್ಳಿ.

ಫ್ಯೂಸ್_ಹಾರಿತು
ಎಲ್ಲರೂ ಉಂಗುರ ತೊಡೋ ಮಾತಾಡ್ತಿದ್ದೀರಿ, ತೆಗೆಯೋ ಮಾತು ಯಾರೂ ಎತ್ತಿಲ್ಲ. ಲೇತ್, ಡ್ರಿಲ್ ಪ್ರೆಸ್, ಕನ್ವೇಯರ್, ತಿರುಗೋ ಶಾಫ್ಟ್ ಇರೋ ಕಡೆ ಉಂಗುರ ಕೈಯಲ್ಲಿ ಇರ್ಲೇಬಾರದು. ಸಿಕ್ಕಿಕೊಂಡ್ರೆ ಬೆರಳು ಮುರಿಯಲ್ಲ, ಚರ್ಮ, ನರ, ರಕ್ತನಾಳ ಎಲ್ಲ ಕೈಗವಸು ಕಳಚಿದ ಹಾಗೆ ಎಲುಬಿನಿಂದ ಕಿತ್ತು ಬರ್ತವೆ. ಏಣಿ ಇಳಿಯುವಾಗ ಬೋಲ್ಟಿಗೆ ಉಂಗುರ ಸಿಕ್ಕಿ ಮೈಭಾರ ಬಿದ್ರೂ ಇದೇ ಗತಿ.

ವಿದ್ಯುತ್ತಿನವರಿಗೆ ಇನ್ನೊಂದು. 12 ವೋಲ್ಟ್ ಏನ್ಮಾಡತ್ತೆ ಅನ್ನೋರಿದ್ದಾರೆ. ಶಾಕ್ ಹೊಡೆಯಲ್ಲ, ನಿಜ. ಆದ್ರೆ ಕೈಯಲ್ಲಿರೋ ಸ್ಪಾನರ್ ಬ್ಯಾಟರಿಯ ಒಂದು ಟರ್ಮಿನಲ್‌ಗೆ, ಉಂಗುರ ಇನ್ನೊಂದಕ್ಕೆ ತಾಗಿದ್ರೆ ನೂರಾರು ಆಂಪಿಯರ್ ಉಂಗುರದ ಮೂಲಕ ಹರಿಯತ್ತೆ. ಕ್ಷಣದಲ್ಲಿ ಕೆಂಪಗೆ ಕಾಯತ್ತೆ, ಆಮೇಲೆ ಎಳೆದ್ರೆ ಬರಲ್ಲ. ತೆರೆದ ಲೈವ್ ಭಾಗಗಳ ಹತ್ತಿರ ಲೋಹದ ಆಭರಣ ಬೇಡ ಅಂತ ಕೆನಡಾದ ವಿದ್ಯುತ್ ಸುರಕ್ಷತೆಯ ಝಡ್462 ಮಾನದಂಡದಲ್ಲೇ ಇದೆ. ಎಂಆರ್‌ಐ ಕೋಣೆಗೂ ತೊಟ್ಟುಕೊಂಡು ಹೋಗ್ಬೇಡಿ, ಕಬ್ಬಿಣದ್ದಂತೂ ಬೇಡವೇ ಬೇಡ.

ಲಾಳದಕಟ್ಟು
ಸರದಲ್ಲಿ ಹಾಕಿ ಕೊರಳಿಗೆ ತೂಗುಬಿಟ್ಟುಕೊಂಡ್ರೆ?

ಫ್ಯೂಸ್_ಹಾರಿತು
ಬೆರಳಿನ ಬದಲು ಕುತ್ತಿಗೆ ಕೊಡ್ತೀರಾ? ಲಾಕರ್‌ನಲ್ಲಿ ಇಟ್ಟು ಹೋಗಿ. ಸುರಕ್ಷತೆಯ ಪ್ರತಿಜ್ಞೆಗೆ ಅಂತ ತೊಟ್ಟ ಉಂಗುರದಿಂದಲೇ ಬೆರಳು ಹೋದ್ರೆ ಏನ್ ಚೆಂದ.

ಕಬ್ಬಿಣದಕಡಲೆ
ಸೇರಿಸ್ತೀನಿ: ಬೆರಳು ಊದಿ ಸ್ಟೇನ್‌ಲೆಸ್ ಉಂಗುರ ಸಿಕ್ಕಿಕೊಂಡ್ರೆ ಚಿನ್ನ ಕತ್ತರಿಸೋ ಕೈಗರಗಸ ಸಾಲಲ್ಲ, ಮೋಟಾರ್ ಇರೋ ಕಟರ್ ಬೇಕು. ಕತ್ತರಿಸುವಾಗ ಉಂಗುರ ಕಾಯತ್ತೆ, ನೀರು ಹಾಕ್ತಾ ನಿಲ್ಲಿಸಿ ನಿಲ್ಲಿಸಿ ಮಾಡ್ಬೇಕು. ಊತ ಶುರುವಾದ ತಕ್ಷಣ ಕೈ ಮೇಲೆತ್ತಿ ಸೋಪು ಹಚ್ಚಿ ತೆಗೆದುಬಿಡೋದು ಒಳ್ಳೇದು.

ಮೊಹರು_ಮುದ್ರೆ
ಮೂಲ ಪ್ರಶ್ನೆಗೆ ಬರೋಣ. ಉಂಗುರ ಪರವಾನಗಿ ಅಲ್ಲ. ಅದರಿಂದ ಒಂದು ನಕ್ಷೆಗೂ ಸಹಿ ಹಾಕೋ ಹಕ್ಕು ಬರಲ್ಲ. ಹಕ್ಕು ಕೊಡೋದು ಆಯಾ ಪ್ರಾಂತ್ಯದ ನಿಯಂತ್ರಣ ಸಂಸ್ಥೆ: ಒಂಟಾರಿಯೊದಲ್ಲಿ ಪಿಇಒ, ಆಲ್ಬರ್ಟಾದಲ್ಲಿ ಅಪೆಗಾ, ಕ್ವಿಬೆಕ್‌ನಲ್ಲಿ ಓಐಕ್ಯೂ, ಹೀಗೆ. ಅಲ್ಲಿ ನೋಂದಣಿ ಆದ ಮೇಲೇ ಪಿ.ಎಂಜ್. (ಪರವಾನಗಿ ಪಡೆದ ಎಂಜಿನಿಯರ್; ಕ್ವಿಬೆಕ್‌ನಲ್ಲಿ ಇಂಗ್.). ಆ ಸಂಸ್ಥೆಗಳಿಗೂ ಉಂಗುರಕ್ಕೂ ಕಾನೂನಿನ ನಂಟಿಲ್ಲ. ಉಂಗುರ ಇಲ್ಲದ ಪಿ.ಎಂಜ್.ಗಳಿದ್ದಾರೆ, ಉಂಗುರ ತೊಟ್ಟು ಪರವಾನಗಿ ಗೋಜಿಗೇ ಹೋಗದವರೂ ಇದ್ದಾರೆ.

ಒಂಟಾರಿಯೊದಲ್ಲಿ ದಾರಿ ಹೀಗಿದೆ: ಮಾನ್ಯತೆ ಪಡೆದ ಪದವಿ, 48 ತಿಂಗಳ ಎಂಜಿನಿಯರಿಂಗ್ ಅನುಭವ, ಕಾನೂನು ಮತ್ತು ನೀತಿಯ ಪರೀಕ್ಷೆ, ಸನ್ನಡತೆ. ಮೊದಲು ಅನುಭವದಲ್ಲಿ ಒಂದು ವರ್ಷ ಕೆನಡಾದ್ದೇ ಆಗಿರಬೇಕಿತ್ತು, 2023ರಲ್ಲಿ ಅದನ್ನು ತೆಗೆದರು. ಹೊರದೇಶದಲ್ಲಿ ಓದಿ ಬಂದವರು ಇದನ್ನು ಗಮನಿಸಿ. ಅನುಭವವನ್ನು ಬರೆದು ತೋರಿಸೋದೇ ದೊಡ್ಡ ಕೆಲಸ. ಬಹಳಷ್ಟು ಪ್ರಾಂತ್ಯಗಳಲ್ಲಿ 34 ಸಾಮರ್ಥ್ಯಗಳ ಪಟ್ಟಿ ಇದೆ, ಪ್ರತಿಯೊಂದಕ್ಕೂ ಸನ್ನಿವೇಶ, ನೀವು ಮಾಡಿದ್ದು, ಫಲ ಬರೀಬೇಕು. "ತಂಡ ವಿನ್ಯಾಸ ಮಾಡಿತು" ಅಂತ ಬರೆದರೆ ಸುಮ್ಮನೆ ವಾಪಸ್ ಬರತ್ತೆ. ನೀವು ಏನು ಲೆಕ್ಕ ಹಾಕಿದ್ರಿ, ಯಾವ ಕೋಡ್ (ವಿನ್ಯಾಸದ ನಿಯಮಾವಳಿ), ಯಾಕೆ ಆ ಆಯ್ಕೆ? ನಾಲ್ಕು ವರ್ಷ ಆದ ಮೇಲೆ ನೆನಪಿಂದ ಬರೆಯೋಕೆ ಆಗಲ್ಲ. ಕೆಲಸಕ್ಕೆ ಸೇರಿದ ತಿಂಗಳಿಂದಲೇ ಟಿಪ್ಪಣಿ ಇಡಿ.

ಕೋಡು_ಕೊಂಬು
ಹಾಗಾದ್ರೆ ಸಾಫ್ಟ್‌ವೇರ್ ಎಂಜಿನಿಯರ್ ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕ್ಕೊಂಡಿರೋರೆಲ್ಲ ಕಳ್ಳರಾ? 😄

ಮೊಹರು_ಮುದ್ರೆ
ಪ್ರಾಂತ್ಯ ನೋಡಿ ಹೇಳ್ಬೇಕು. ಆಲ್ಬರ್ಟಾದಲ್ಲಿ 2023ರಲ್ಲಿ ಕಾನೂನು ತಿದ್ದಿ ಆ ಹೆಸರನ್ನು ಬಿಟ್ಟುಕೊಟ್ಟರು. ಉಳಿದ ಕಡೆ ತಕರಾರು ಇನ್ನೂ ಇದೆ. ಹೊಸ ಪದವೀಧರರು ಸುಮ್ಮನೆ ಡೆವಲಪರ್, ಡಿಸೈನರ್ ಅಂತ ಹಾಕ್ಕೊಂಡ್ರೆ ಯಾರೂ ಕೇಳಲ್ಲ.

ಕೋಡು_ಕೊಂಬು
ಗೂಡು ಕಟ್ಟೋದು ನಾವು, ಕೋಗಿಲೆ ಅನ್ನೋ ಹೆಸರಿಗೆ ಲೈಸೆನ್ಸ್ ಬೇರೆಯವರಿಗೆ.

ರಿವೆಟ್_ರಾಯ
ಕೋಗಿಲೆ ಗೂಡು ಕಟ್ಟಲ್ಲ ಮಾರಾಯ.

ನಾಟಕ_ಯಾಕೆ
ಒಂದು ಕಹಿ ಮಾತು ಹೇಳ್ತೀನಿ, ಬೈಕೊಳ್ಳಿ. ಸಮಾರಂಭದ ಸುತ್ತಿಗೆ, ಕಮ್ಮಾರನ ಅಡಿಗಲ್ಲು, ಸರಪಳಿ, ಮುಚ್ಚಿದ ಬಾಗಿಲು ಎಲ್ಲ ಬರೀ ರಂಗಸಜ್ಜಿಕೆ. ಮೂಲ ಪಠ್ಯ ಸಾಮ್ರಾಜ್ಯದ ಕಾಲದ್ದು, ಗಂಡಸರನ್ನೇ ಉದ್ದೇಶಿಸಿದ ಭಾಷೆ. ಪಠ್ಯ ಬದಲಿಸಿ ಅಂತ ಎಂಜಿನಿಯರ್‌ಗಳೇ ಒತ್ತಾಯಿಸಿದ ಮೇಲೆ ಪರಿಷ್ಕರಣೆಗೆ ಕೈ ಹಾಕಿದರು. ಒಂದು ಸಂಜೆ ಮಂತ್ರ ಹೇಳಿದ್ರೆ ಯಾವ ತೊಲೆ ಗಟ್ಟಿಯಾಗತ್ತೆ? ಲೈಸೆನ್ಸ್ ಇದೆ, ಕೋಡ್ ಇದೆ, ಕೋರ್ಟ್ ಇದೆ. ಸಾಕು.

ತೊಲೆಗಂಬ
ನಾಟಕ ಅನ್ನೋದರಲ್ಲಿ ಅರ್ಧ ಒಪ್ತೀನಿ. ಕೋಡ್ ಸಾಕು ಅನ್ನೋದನ್ನ ಒಪ್ಪಲ್ಲ. ಕ್ವಿಬೆಕ್ ಸೇತುವೆಯನ್ನೇ ತಗೊಳ್ಳಿ. ಎಲ್ಲರಿಗೂ ಅದು ಬಿದ್ದದ್ದು ಗೊತ್ತು, ಹೇಗೆ ಬಿತ್ತು ಅನ್ನೋದು ಗೊತ್ತಿಲ್ಲ.

ಕಂಬಗಳ ನಡುವಿನ ಮುಖ್ಯ ಅಂತರ 1600 ಅಡಿ ಇದ್ದದ್ದನ್ನು 1800 ಅಡಿಗೆ ಏರಿಸಿದರು. ನದಿಯ ಆಳದಲ್ಲಿ ಕಂಬ ಹಾಕೋದು ತಪ್ಪತ್ತೆ, ಖರ್ಚೂ ಸಮಯವೂ ಉಳಿಯತ್ತೆ ಅಂತ. ಅಂತರ ಹೆಚ್ಚಿದ್ರೆ ಸ್ವಂತ ಭಾರ ಹೆಚ್ಚಲೇಬೇಕು, ಆ ಭಾರವನ್ನು ಹೊಸದಾಗಿ ಲೆಕ್ಕ ಹಾಕಲೇ ಇಲ್ಲ. ತಪ್ಪು ಗೊತ್ತಾಗುವಷ್ಟರಲ್ಲಿ ಬೇಕಾದಷ್ಟು ಉಕ್ಕು ತಯಾರಾಗಿತ್ತು, ಕಟ್ಟಿಯೂ ಆಗಿತ್ತು. ಹೆಚ್ಚುವರಿ ಒತ್ತಡ ತಡಕೊಳ್ಳತ್ತೆ ಅಂತ ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್ ಮುಂದೆ ಬಿಟ್ಟರು. ಅವರು ಇದ್ದದ್ದು ನ್ಯೂಯಾರ್ಕ್‌ನಲ್ಲಿ. ಮೇಲ್ಕಟ್ಟು ಏಳುವಾಗ ಒಂದು ಸಲವೂ ಸ್ಥಳಕ್ಕೆ ಬರಲಿಲ್ಲ.

1907ರ ಆಗಸ್ಟ್‌ನಲ್ಲಿ ಕಂಬದ ಹತ್ತಿರದ ಕೆಳತೊಲೆ ಬಾಗೋಕೆ ಶುರುವಾಯ್ತು. ತಿಂಗಳ ಮೊದಲಲ್ಲಿ ಮುಕ್ಕಾಲು ಇಂಚಿದ್ದ ಬಾಗು 27ಕ್ಕೆ 2 ಇಂಚು ದಾಟಿತ್ತು. ಅದು ಒತ್ತಡದಲ್ಲಿರೋ ತೊಲೆ ಅನ್ನೋದು ನೆನಪಿರಲಿ. ಎಳೆತದಲ್ಲಿರೋದು ಬಾಗಿದ್ರೆ ಎಳೆದಂತೆ ನೆಟ್ಟಗಾಗತ್ತೆ, ಒತ್ತಡದಲ್ಲಿರೋದು ಬಾಗಿದ್ರೆ ಭಾರ ಬಿದ್ದಂತೆ ಇನ್ನಷ್ಟು ಬಾಗತ್ತೆ. ಆ ತೊಲೆ ಇಡಿಯಾದ ಒಂದು ತುಂಡಲ್ಲ, ಫಲಕಗಳನ್ನು ಅಡ್ಡಪಟ್ಟಿ ಮತ್ತು ರಿವೆಟ್‌ಗಳಿಂದ ಹೆಣೆದದ್ದು. ಹೆಣಿಗೆಯೇ ತೆಳು ಇತ್ತು. ಕಾರ್ಖಾನೆಯಿಂದಲೇ ಬಾಗಿ ಬಂದಿರ್ಬೇಕು ಅಂತ ಸ್ಥಳದಲ್ಲಿ ವಾದ ನಡೀತಿತ್ತು, ಕೆಲಸವೂ ನಡೀತಿತ್ತು.

ಸ್ಥಳದ ಇನ್‌ಸ್ಪೆಕ್ಟರ್ ಮೆಕ್ಲೂರ್ ವಿಷಯ ತಿಳಿಸೋಕೆ ನ್ಯೂಯಾರ್ಕ್‌ಗೆ ಹೋದರು. 29ಕ್ಕೆ ಕೂಪರ್ ತಂತಿ ಕಳಿಸಿದರು, ಪೂರ್ತಿ ಯೋಚಿಸುವವರೆಗೆ ಸೇತುವೆ ಮೇಲೆ ಇನ್ನು ಭಾರ ಹಾಕಬೇಡಿ ಅಂತ. ಕಳಿಸಿದ್ದು ಎಲ್ಲಿಗೆ? ಸೇತುವೆ ಕಟ್ಟುತ್ತಿದ್ದ, ಅಮೆರಿಕದ ಪೆನ್ಸಿಲ್ವೇನಿಯದ ಫೀನಿಕ್ಸ್‌ವಿಲ್‌ನ ಕಂಪನಿಗೆ. ಸೇತುವೆ ಇದ್ದ ಜಾಗಕ್ಕಲ್ಲ. ಅಲ್ಲಿಂದ ಸಮಯಕ್ಕೆ ಮುಂದೆ ಹೋಗಲಿಲ್ಲ. ಸಂಜೆ ಐದೂವರೆ ಸುಮಾರಿಗೆ ದಕ್ಷಿಣದ ತೋಳು ಕುಸಿಯಿತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅವರಲ್ಲಿ 33 ಜನ ಕಾನವಾಕೆಯ ಮೊಹಾಕ್ ಮೂಲನಿವಾಸಿ ಕೆಲಸಗಾರರು.

ನಾಟಕ_ಯಾಕೆ ಅವರೇ, ಇಲ್ಲಿ ಯಾವ ಕೋಡ್ ಕಾಪಾಡ್ತಿತ್ತು? ಅಳತೆ ಇತ್ತು, ತಜ್ಞರಿದ್ದರು. ನಿಲ್ಲಿಸಿ ಅನ್ನೋ ಮಾತು ನಿಲ್ಲಿಸೋ ಅಧಿಕಾರ ಇದ್ದವರ ಕಿವಿಗೆ ಬೀಳಲಿಲ್ಲ.

ಕಬ್ಬಿಣದಕಡಲೆ
ಅಷ್ಟಕ್ಕೇ ಮುಗಿದಿಲ್ಲ. ಮರುಕಟ್ಟುವಾಗ 1916ರ ಸೆಪ್ಟೆಂಬರ್ 11ಕ್ಕೆ ನಡುಭಾಗವನ್ನು ಎತ್ತುತ್ತಿದ್ದಾಗ ಅದೂ ನದಿಗೆ ಬಿತ್ತು, 13 ಸಾವು. ಮುಗಿದದ್ದು 1917ರಲ್ಲಿ. 549 ಮೀಟರ್, ಕ್ಯಾಂಟಿಲಿವರ್ (ಕಂಬದಿಂದ ಚಾಚಿದ ತೋಳುಗಳ) ಸೇತುವೆಗಳಲ್ಲಿ ಈಗಲೂ ಅತಿ ಉದ್ದದ ಅಂತರ ಅದೇ.

ನಾಟಕ_ಯಾಕೆ
ಸರಿ, ಅದು ನೂರು ವರ್ಷಕ್ಕೂ ಹಿಂದಿನ ಕಥೆ. ಈಗಿನ ಉದಾಹರಣೆ ಕೊಡಿ.

ತೊಲೆಗಂಬ
ಎಲಿಯಟ್ ಲೇಕ್, ಒಂಟಾರಿಯೊ, 2012ರ ಜೂನ್ 23. ಆಲ್ಗೊ ಸೆಂಟರ್ ಮಾಲ್. ಚಾವಣಿ ಮೇಲೆ ಕಾರ್ ಪಾರ್ಕಿಂಗ್. ಕಟ್ಟಿದಾಗಿನಿಂದ ಸೋರ್ತಾನೇ ಇತ್ತು, ಮೂವತ್ತು ವರ್ಷ. ಚಳಿಗಾಲದಲ್ಲಿ ಕಾರುಗಳ ಜತೆ ಬರೋ ರಸ್ತೆ ಉಪ್ಪು, ಕರಗಿದ ನೀರು ಸೇರಿ ತೊಲೆಗೂ ಕಂಬಕ್ಕೂ ನಡುವಿನ ಉಕ್ಕಿನ ಜೋಡಣೆಗೆ ಇಳೀತಿತ್ತು. ಬೆಸುಗೆ ತುಕ್ಕಲ್ಲಿ ಕರಗಿ ಹೋಯ್ತು. ಕುಸಿದಾಗ ಇಬ್ಬರು ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಎಂಜಿನಿಯರ್ ಪರಿಶೀಲನೆ ಆಗಿತ್ತು, ಕಟ್ಟಡ ರಚನೆಯ ದೃಷ್ಟಿಯಿಂದ ಸರಿ ಇದೆ ಅಂತ ವರದಿ. ಮಾಲೀಕರು ಕೇಳಿದ್ದಕ್ಕೆ ಸೋರಿಕೆಯ ಉಲ್ಲೇಖ ವರದಿಯಿಂದ ತೆಗೆದದ್ದು ತನಿಖೆಯಲ್ಲಿ ಹೊರಬಂತು. ಕೋಡ್ ಇತ್ತು, ಲೈಸೆನ್ಸ್ ವ್ಯವಸ್ಥೆ ಇತ್ತು, ಕೋರ್ಟೂ ಇತ್ತು.

ನಾಟಕ_ಯಾಕೆ
ಆ ಎಂಜಿನಿಯರ್ ಉಂಗುರ ತೊಟ್ಟಿದ್ರೆ ಬೇರೆ ಆಗ್ತಿತ್ತಾ? ನನ್ನ ವಾದ ಅಲ್ಲೇ ಇದೆ.

ತೊಲೆಗಂಬ
ಉಂಗುರದಿಂದ ಆಗ್ತಿತ್ತು ಅಂತ ನಾನೂ ಹೇಳಲ್ಲ. ವಾಕ್ಯ ತೆಗೀರಿ ಅಂದಾಗ ಆಗಲ್ಲ ಅನ್ನೋಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರ್ಬೇಕು. ಬಿಲ್ ಬಾಕಿ ಇರೋ ಕಕ್ಷಿದಾರ ಎದುರಿಗೆ ಕೂತಾಗ ಹೊಸದಾಗಿ ನೀತಿ ಹುಡುಕೋಕೆ ಆಗಲ್ಲ.

ಮೊಹರು_ಮುದ್ರೆ
ಇಲ್ಲಿ ಒಂಟಾರಿಯೊ ನಿಯಮ ನೋಡಿ, 941ನೇ ರೆಗ್ಯುಲೇಷನ್, ಸೆಕ್ಷನ್ 72. ವೃತ್ತಿದೋಷದ ಪಟ್ಟಿ ಅದು, ಪ್ರತಿಜ್ಞೆಗಿಂತ ಖಾರವಾಗಿದೆ. ಸಾರ್ವಜನಿಕರ ಸುರಕ್ಷತೆಗೆ ಅಪಾಯ ಅಂತ ನಿಮಗೆ ಅನ್ನಿಸಿದ್ದನ್ನು ಸರಿಪಡಿಸದೆ, ವರದಿಯೂ ಮಾಡದೆ ಬಿಟ್ಟರೆ ದೋಷ. ನೀವು ತಯಾರಿಸದ, ಪರಿಶೀಲಿಸದ ನಕ್ಷೆಗೆ ಸಹಿ ಅಥವಾ ಮೊಹರು ಹಾಕಿದ್ರೆ ದೋಷ. ಹೊಸಬರು ತಿಳಿದಿರಲೇಬೇಕಾದದ್ದು ಇನ್ನೊಂದಿದೆ: ನಿಮ್ಮ ತಾಂತ್ರಿಕ ತೀರ್ಮಾನವನ್ನು ತಾಂತ್ರಿಕರಲ್ಲದ ಮೇಲಿನವರು ತಳ್ಳಿಹಾಕಿದ್ರೆ, ಅದರಿಂದ ಏನಾಗಬಹುದು ಅಂತ ಉದ್ಯೋಗದಾತರಿಗೆ ಸ್ಪಷ್ಟವಾಗಿ ತಿಳಿಸದೇ ಇರೋದೂ ದೋಷ. ಅಂದ್ರೆ "ಬಾಸ್ ಹೇಳಿದ್ರು, ಸುಮ್ಮನಾದೆ" ಅನ್ನೋದು ನೆಪ ಆಗಲ್ಲ. ಸುಮ್ಮನಾದದ್ದೇ ತಪ್ಪು.

ಕೊನೇಟರ್ಮ್
ಇದು ಉಪಯೋಗ ಆಯ್ತು. ಆದ್ರೆ ಕೆಲಸಕ್ಕೆ ಸೇರಿ ಆರು ತಿಂಗಳಾದವರು ಎಂಡಿಗೆ ಪತ್ರ ಬರೀಬೇಕಾ?

ಮೊಹರು_ಮುದ್ರೆ
ಮೊದಲು ನಿಮ್ಮ ಕೆಲಸಕ್ಕೆ ಹೊಣೆಗಾರರಾದ ಪಿ.ಎಂಜ್.ಗೆ ಹೇಳಿ. ಬಾಯಲ್ಲಿ ಹೇಳಿ, ಅದೇ ದಿನ ಮೇಲ್ ಹಾಕಿ. ಉತ್ತರ ಬರದಿದ್ರೆ ಅವರ ಮೇಲಿನವರು. ಅಲ್ಲೂ ಆಗದೆ, ಜನಕ್ಕೆ ಅಪಾಯ ನಿಜ ಅಂತಿದ್ರೆ ನಿಯಂತ್ರಣ ಸಂಸ್ಥೆ, ಕಟ್ಟಡವಾದ್ರೆ ಪುರಸಭೆಯ ಕಟ್ಟಡ ಅಧಿಕಾರಿ. ಕಟ್ಟಡ ಈಗಲೇ ಬೀಳೋ ಹಾಗಿದ್ರೆ ಈ ಮೆಟ್ಟಿಲುಗಳೆಲ್ಲ ಬೇಡ, ಜನರನ್ನು ಹೊರಗೆ ಕಳಿಸಿ, ತುರ್ತು ಸೇವೆಗೆ ಫೋನ್ ಮಾಡಿ.

ತೊಲೆಗಂಬ
ಮೇಲ್ ಹೇಗೆ ಬರೀಬೇಕು ಅಂತಾನೂ ಹೇಳಿಬಿಡೋಣ, ಹೊಸಬರು ಎಡವೋದು ಇಲ್ಲೇ. "ನನಗೆ ಸ್ವಲ್ಪ ಆತಂಕ ಇದೆ, ಸಾಧ್ಯವಾದರೆ ನೋಡಿ" ಅಂತ ಬರೆದ್ರೆ ಯಾರೂ ನೋಡಲ್ಲ. ಎಲ್ಲಿ, ಯಾವಾಗ, ಅಳೆದದ್ದು ಎಷ್ಟು, ಮಿತಿ ಎಷ್ಟು, ಹೀಗೇ ಬಿಟ್ಟರೆ ಏನಾಗತ್ತೆ, ಏನು ನಿಲ್ಲಿಸಬೇಕು, ಯಾವಾಗಿನೊಳಗೆ ಉತ್ತರ ಬೇಕು. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ. ಮಾದರಿ:

"ಬಿ-4 ಮತ್ತು ಬಿ-5 ಗ್ರಿಡ್ ನಡುವಿನ ತೊಲೆಯ ಮಧ್ಯದಲ್ಲಿ ಇಂದು ಬೆಳಿಗ್ಗೆ 9ಕ್ಕೆ ಸುಮಾರು 38 ಮಿ.ಮೀ. ಬಾಗು ಇದೆ. ನಕ್ಷೆಯ ಮಿತಿ 25. ಸೋಮವಾರ 31 ಇತ್ತು. ಬಾಗು ಹೆಚ್ಚುತ್ತಿದೆ. ಕಾರಣ ತಿಳಿಯುವವರೆಗೆ ಈ ಅಂಕಣದ ಮೇಲೆ ಸಾಮಾನು ಪೇರಿಸುವುದನ್ನು ಈಗಲೇ ನಿಲ್ಲಿಸಬೇಕು. ಸ್ಥಳದ ಮೇಲ್ವಿಚಾರಕರಿಗೆ ಫೋನಿನಲ್ಲಿ ತಿಳಿಸಿದ್ದೇನೆ, ಈ ಪತ್ರದ ಪ್ರತಿಯೂ ಅವರಿಗೆ ಹೋಗಿದೆ. ಮಧ್ಯಾಹ್ನ 12ರೊಳಗೆ ಉತ್ತರ ಬೇಕು."

ಕೊನೆಯಿಂದ ಎರಡನೇ ವಾಕ್ಯ ಮರೀಬೇಡಿ. ಫೀನಿಕ್ಸ್‌ವಿಲ್ ತಂತಿಯಲ್ಲಿ ಇಲ್ಲದೇ ಇದ್ದದ್ದು ಅದೇ.

ಹಿಮದೂರು
ಅಮೆರಿಕದಲ್ಲೂ ಉಂಗುರ ಇದೆ ಅಲ್ವಾ?

ರಿವೆಟ್_ರಾಯ
ಇದೆ, ಆರ್ಡರ್ ಆಫ್ ದಿ ಎಂಜಿನಿಯರ್. 1970ರ ಜೂನ್ 4ರಂದು ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶುರು. ಸ್ಟೇನ್‌ಲೆಸ್, ನುಣುಪು, ಇಲ್ಲಿನದರ ಹಾಗೆ ಮುಖ ಬಡಿದದ್ದಲ್ಲ. ಬೆರಳು ಅದೇ. ಪಠ್ಯ ಬೇರೆ.

ಹಿಮದೂರು
ಹೊರದೇಶದಲ್ಲಿ ಓದಿ ಇಲ್ಲಿ ಪಿ.ಎಂಜ್. ಆದವರಿಗೆ ಸಿಗತ್ತಾ?

ಲಾಳದಕಟ್ಟು
ಸಿಗತ್ತೆ. ನೋಂದಣಿ ಆದ ಮೇಲೆ ಹತ್ತಿರದ ಕ್ಯಾಂಪ್‌ಗೆ ಬರೀರಿ. ಉಂಗುರ ಅಂಗಡಿಯಲ್ಲಿ ಕೊಳ್ಳೋ ವಸ್ತು ಅಲ್ಲ, ಪ್ರತಿಜ್ಞೆ ಮಾಡಿದ ಮೇಲೇ ಕೊಡೋದು. ಕಳೆದುಹೋದ್ರೂ ಕ್ಯಾಂಪ್ ಮೂಲಕವೇ ಬದಲಿ.

ಫ್ಯೂಸ್_ಹಾರಿತು
ತೊಲೆಗಂಬ ಅವರ ಮಾದರಿಗೆ ಒಂದು ತಿದ್ದುಪಡಿ. ಆ "ಸುಮಾರು" ತೆಗೆದುಹಾಕಿ. ಯಾವುದರಲ್ಲಿ ಅಳೆದದ್ದು, ದಾರ ಕಟ್ಟಿಯೋ ಲೆವೆಲ್ ಇಟ್ಟೋ ಸರ್ವೇ ಮಾಡೋ ಟೋಟಲ್ ಸ್ಟೇಷನ್‌ನಲ್ಲೋ, ದೋಷ ಎಷ್ಟಿರಬಹುದು ಬರೀರಿ. 38, ಹೆಚ್ಚುಕಮ್ಮಿ 2 ಅಂದ್ರೆ ಜಗಳಕ್ಕೆ ಜಾಗ ಇರಲ್ಲ. ಸುಮಾರು ಅಂದ ಕೂಡಲೇ ಎದುರಿನವರು 25ಕ್ಕೆ ಇಳಿಸಿಬಿಡ್ತಾರೆ.

ತೊಲೆಗಂಬ
ಒಪ್ಪಿದೆ. ಎರಡೂ ದಿನ ಅದೇ ಬಿಂದು, ಅದೇ ಉಪಕರಣ ಅಂತಾನೂ ಸೇರಿಸಿ.

ಕಬ್ಬಿಣದಕಡಲೆ
ತಾಪಮಾನವನ್ನೂ ಬರೀರಿ. ಉಕ್ಕು ಮೀಟರಿಗೆ ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗತ್ತೆ. 30 ಮೀಟರ್ ತೊಲೆ 30 ಡಿಗ್ರಿ ವ್ಯತ್ಯಾಸಕ್ಕೆ ಉದ್ದದಲ್ಲಿ 11 ಮಿ.ಮೀ. ಹತ್ತಿರ ಆಗತ್ತೆ. ಮೇಲ್ಮುಖಕ್ಕೆ ಮಾತ್ರ ಬಿಸಿಲು ಬಿದ್ರೆ ಮೇಲಕ್ಕೆ ಉಬ್ಬಿ ನಿಜವಾದ ಬಾಗನ್ನೇ ಮುಚ್ಚಿಬಿಡಬಹುದು. ಸೂರ್ಯ ಹುಟ್ಟೋ ಮೊದಲು ಅಳೆಯೋದು ಅದಕ್ಕೇ.

ಕೊನೇಟರ್ಮ್
9 ಗಂಟೆ ಅಂತಿರೋದನ್ನ 5 ಮಾಡ್ಕೋತೀನಿ.

ತೊಲೆಗಂಬ
ಗಂಟೆ ಮಾಡ್ಕೊಳ್ಳೋದಲ್ಲ, ಆ ಹೊತ್ತಿಗೆ ಹೋಗಿ ಅಳೀಬೇಕು 😄